ಕುಕ್ಕರನ್ನೇ ಹೊತ್ತುಕೊಂಡು ಪಾತ್ರೆ ಅಂಗಡಿಗೆ ಹೋಗಿ

ಕಳೆದ ಡಿಸೆಂಬರಿನಲ್ಲಿ ನನ್ನ ಮಗ, ಸೊಸೆ ಮತ್ತು ಅವರ ಗೆಳೆಯರ ಸಂಸಾರವೊಂದು ಕಾರಿನಲ್ಲಿ ಕೆಮ್ಮಣ್ಣುಗುಂಡಿಗೆ ಹೊರಟಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ನಾವೇ ಅಡುಗೆ ಮಾಡಿಕೊಳ್ಳೋಣ ಎಂಬ ಹುಮ್ಮಸ್ಸಿನಿಂದ ಅವರು ಪ್ರವಾಸಕ್ಕೆಂದೇ ಹೊಸ ಪಾತ್ರೆಗಳ ಸೆಟ್ಟೊಂದನ್ನು ತರಿಸಿದ್ದರು. ಒತ್ತಿದರೆ ತಟ್ಟೆಯಂತೆ ಚಪ್ಪಟೆಯಾಗುವ ಸಿಲಿಕೋನ್ ಬೋಗುಣಿ, ಹಿಡಿ ಮಡಿಚಿಕೊಳ್ಳುವ ತೆಳು ಬಾಣಲೆ, ಚಮಚ, ಚಾಕು, ಮುಳ್ಳುಚಮಚ ಮೂರೂ ಒಂದೇ ಕೀಲಿಗೆ ಸೇರಿಕೊಂಡಿರುವ ಸಾಧನ, ಹೀಗೆ ಎಲ್ಲವೂ ಮಡಿಚುವಂಥವೇ. ಮೊದಲ ಬೆಳಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗಲೇ ಬಾಣಲೆಯ ಹಿಡಿ ಬಿಸಿಗೆ ಮೆತ್ತಗಾಗಿ ಕೀಲಿನ ಬಳಿ ಬಾಗಿತು. ಕಾದ ಎಣ್ಣೆ ಸಾಸಿವೆಯ ಸಮೇತ ಸೊಸೆಯ ಪಾದದಿಂದ ಒಂದು ಗೇಣು ಆಚೆಗೆ ಚೆಲ್ಲಿತು. ಅಲ್ಲಿಂದ ಊರು ಮುಟ್ಟುವವರೆಗೆ ನನ್ನ ಮನಸ್ಸಿನಲ್ಲಿ ಕುದಿಯುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಯಾಣದ ಪಾತ್ರೆ ಸ್ವಲ್ಪವೇ ಜಾಗ ಹಿಡಿಯಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಜಾಗ ಉಳಿಸುವುದಕ್ಕೆ ಮಡಿಚುವುದೊಂದೇ ದಾರಿ ಎಂದು ಈಗಿನವರು ನಂಬಿದ್ದಾರೆ. ಮಡಿಚುವ ಪ್ರತಿಯೊಂದು ವಸ್ತುವಿಗೂ ಒಂದು ಕೀಲು ಇರುತ್ತದೆ. ಆ ಕೀಲಿನಲ್ಲೇ ಅದು ಸಡಿಲವಾಗುತ್ತದೆ, ಆ ಸಂದಿನಲ್ಲೇ ಜಿಡ್ಡು ಕೂರುತ್ತದೆ. ನಮ್ಮ ಹಿರಿಯರು ಅನುಸರಿಸಿದ್ದು ಒಂದರೊಳಗೊಂದು ಕೂರಿಸುವ ಕ್ರಮವನ್ನು. ದೊಡ್ಡ ತಪ್ಪಲೆಯೊಳಗೆ ಚಿಕ್ಕ ತಪ್ಪಲೆ, ಅದರೊಳಗೆ ಬಟ್ಟಲು, ಬಟ್ಟಲೊಳಗೆ ಬೇಳೆಯ ಗಂಟು. ಅದರಲ್ಲಿ ಮುರಿಯುವುದಕ್ಕೆ ಏನೂ ಇರಲಿಲ್ಲ.

ಮೊದಲು ಕೊಳ್ಳಬೇಕಾದದ್ದು ಕುಕ್ಕರು. ನಾಲ್ಕೈದು ಜನರಿಗೆ 3 ಲೀಟರಿನದು ಸಾಕು. ಅದಕ್ಕಿಂತ ದೊಡ್ಡದು ಸಣ್ಣ ಒಲೆಯ ಮೇಲೆ ಸ್ಥಿರವಾಗಿ ನಿಲ್ಲುವುದಿಲ್ಲ. ಪ್ರವಾಸಕ್ಕೆ ಕುಕ್ಕರು ಯಾಕೆ, ತೆರೆದ ಪಾತ್ರೆಯಲ್ಲೇ ಬೇಯಿಸಬಹುದಲ್ಲ ಎಂದು ಸೊಸೆ ಕೇಳಿದಳು. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಶಾಖ ಸುಮಾರು 1 ಡಿಗ್ರಿ ಇಳಿಯುತ್ತದೆ. ಸುಮಾರು 1,900 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಆ ನೀರಿನಲ್ಲಿ ತೊಗರಿಬೇಳೆ ಬೇಯಲಿ ಎಂದು ಕಾಯುತ್ತ ಕುಳಿತರೆ ಗ್ಯಾಸು ಮುಗಿದೀತೇ ಹೊರತು ಬೇಳೆ ಬೆಣ್ಣೆಯಾಗದು. ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಹತ್ತಿರಕ್ಕೆ ಏರುವುದರಿಂದ ಬೆಟ್ಟದ ಮೇಲೂ ಅದು ಬಹುಮಟ್ಟಿಗೆ ಮನೆಯಲ್ಲಿ ಬೇಯಿಸಿದಂತೆಯೇ ಬೇಯಿಸುತ್ತದೆ. ಉದ್ದ ಹಿಡಿಯ ಕುಕ್ಕರನ್ನು ಬಿಟ್ಟು ಎರಡೂ ಬದಿಯಲ್ಲಿ ಗಿಡ್ಡ ಕಿವಿಗಳಿರುವುದನ್ನು ನೋಡಿಕೊಳ್ಳಿ. ರಸ್ತೆಯ ಕುಲುಕಾಟಕ್ಕೆ ಹಿಡಿಯ ತಿರುಪುಗಳು ಸಡಿಲವಾಗುತ್ತವೆ. ಹೊರಡುವ ಮುನ್ನ ಒಮ್ಮೆ ಬಿಗಿ ಮಾಡಿ. ವಿಷಲ್ಲನ್ನು ಒಂದು ತುಂಡು ಲಾಡಿಯಿಂದ ಮುಚ್ಚಳದ ಹಿಡಿಗೆ ಕಟ್ಟಿಡಿ, ಏಕೆಂದರೆ ಅದೊಂದು ಕಳೆದರೆ ಇಡೀ ಕುಕ್ಕರು ಬರಿಯ ಪಾತ್ರೆಯಾಗಿ ಉಳಿಯುತ್ತದೆ.

ಈಗ ಪಾತ್ರೆಗಳ ವಿಷಯ. ನಮ್ಮ ಮನೆಯಲ್ಲಿ ನನ್ನನ್ನು ಎಲ್ಲರೂ ತಡೆಯಲು ನೋಡುವುದು ಇಲ್ಲೇ, ಮತ್ತು ನಾನು ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡದಿರುವುದೂ ಇಲ್ಲೇ. ಪಾತ್ರೆ ಕೊಳ್ಳಲು ಹೋಗುವಾಗ ಕುಕ್ಕರನ್ನು ಮುಚ್ಚಳದ ಸಮೇತ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಮನೆಯಲ್ಲಿ ದಾರ ಹಿಡಿದು ಅಳೆದುಕೊಂಡು ಹೋದರೆ ಸಾಲದು. ಎಷ್ಟೋ ಕುಕ್ಕರುಗಳ ಬಾಯಿ ಒಳಹೊಟ್ಟೆಗಿಂತ ಕಿರಿದಾಗಿರುತ್ತದೆ, ಪಾತ್ರೆಯ ಅಂಚು ಹೊಟ್ಟೆಗಿಂತ ಅಗಲವಾಗಿರುತ್ತದೆ, ಹಾಗಾಗಿ ಅಳತೆ ಸರಿಯಿದ್ದರೂ ಪಾತ್ರೆ ಒಳಗಿಳಿಯದೆ ಬಾಯಲ್ಲೇ ನಿಲ್ಲುತ್ತದೆ. ಅಂಗಡಿಯ ಕಟ್ಟೆಯ ಮೇಲೆ ಕುಕ್ಕರನ್ನು ಇಟ್ಟು, ಕಿವಿಯಿಲ್ಲದ, ಹೊರಗೆ ಬಾಗಿದ ಗಟ್ಟಿ ಅಂಚಿನ ತಪ್ಪಲೆಯೊಂದನ್ನು ಅದರೊಳಗೆ ಇಳಿಸಿ ನೋಡಿ. ಸುತ್ತಲೂ ಕಿರುಬೆರಳಿನ ತುದಿ ಆಡುವಷ್ಟು ಸಂದು ಉಳಿಯಬೇಕು. ಸಂದೇ ಇಲ್ಲದಿದ್ದರೆ ದಾರಿಯಲ್ಲಿ ಕಚ್ಚಿಕೊಂಡು ಹೊರಗೆ ಬರುವುದಿಲ್ಲ, ಹೆಚ್ಚು ಸಂದಿದ್ದರೆ ಬಡಿದಾಡುತ್ತದೆ. ಆ ತಪ್ಪಲೆಯೊಳಗೆ ಅದಕ್ಕಿಂತ ಚಿಕ್ಕದೊಂದು, ಚಹಾ ಕಾಯಿಸುವಷ್ಟರದು. ಅದರೊಳಗೆ ಮನೆಮಂದಿಯ ಲೋಟಗಳು. ಲೋಟಗಳೂ ಒಂದರೊಳಗೊಂದು ಇಳಿಯುವಂಥವಾಗಿರಬೇಕು. ಲೋಟದ ಹೊಟ್ಟೆಯೊಳಗೆ ತಿರುಪು ಮುಚ್ಚಳದ ಗಿಡ್ಡ ಡಬ್ಬಿಗಳು, ಒಗ್ಗರಣೆ ಸಾಮಾನಿಗೆ. ಎಲ್ಲವನ್ನೂ ತುಂಬಿ ಕುಕ್ಕರಿನ ಮುಚ್ಚಳ ಹಾಕಿ, ನಿಮ್ಮ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ಕೇಳಿ. ಬಟ್ಟೆಯಿಲ್ಲದೆ ಸಣ್ಣಗೆ ಠಣ್ ಎಂದರೆ ಅಡ್ಡಿಯಿಲ್ಲ, ದಡಬಡ ಎಂದರೆ ಅಲ್ಲೇ ಬದಲಿಸಿ. ಅಂಗಡಿಯವರು ಮುಖ ಸಿಂಡರಿಸಿದರೂ ಲೆಕ್ಕಿಸಬೇಡಿ. ಹಣ ಕೊಟ್ಟು ಕೊಳ್ಳುವವರು ನೀವು.

ಮನೆಗೆ ಬಂದ ಮೇಲೆ ಬಟ್ಟೆಯ ಕೆಲಸ. ನಲವತ್ತು ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆಯನ್ನೋ ಪಂಚೆಯನ್ನೋ ಚೌಕಗಳಾಗಿ ಹರಿದು, ಪ್ರತಿ ಎರಡು ಪಾತ್ರೆಗಳ ನಡುವೆ ಒಂದೊಂದನ್ನು ಹಾಸಿ, ಅಂಚನ್ನು ಪಾತ್ರೆಯ ಕಂಠದ ಮೇಲೆ ಹೊರಕ್ಕೆ ಮಡಿಚಬೇಕು. ಕತ್ತರಿಸಬೇಡಿ, ಹರಿಯಿರಿ, ಹರಿದ ಬಟ್ಟೆ ಎಳೆಯ ಜಾಡು ಹಿಡಿದು ನೇರವಾಗಿ ಬರುತ್ತದೆ. ಮೇಲುಗಡೆಯ ಖಾಲಿ ಜಾಗದಲ್ಲಿ ಗ್ಯಾಸ್ಕೆಟ್ಟನ್ನು ಮಡಿಚದೆ, ಬಟ್ಟೆಯಲ್ಲಿ ಸುತ್ತಿ ದುಂಡಗೇ ಇಡಿ. ಈಗ ಮುಚ್ಚಳ ಹಾಕಿ ಅಲುಗಾಡಿಸಿದರೆ ಒಳಗಿನಿಂದ ಒಂದು ಸದ್ದೂ ಬರಬಾರದು. ಬಂದರೆ ತೆಗೆದು ಮತ್ತೆ ತುಂಬಿ. ನಾನು ಮೂರು ಸಲ ತೆಗೆದು ತುಂಬಿದ್ದೂ ಉಂಟು. ಊರು ಬಿಟ್ಟ ಮೇಲೆ ಅದೇ ಬಟ್ಟೆಗಳು ಬಿಸಿ ಪಾತ್ರೆ ಹಿಡಿಯುವುದಕ್ಕೆ, ಒರೆಸುವುದಕ್ಕೆ, ಚಹಾ ಸೋಸುವುದಕ್ಕೆ ಒದಗುತ್ತವೆ; ಸೋಸುವುದನ್ನು ಮಾತ್ರ ಬೇರೆ ಗುರುತು ಹಾಕಿಡಿ. ಈ ಮಾತಿನೊಂದಿಗೇ ಹೇಳಿಬಿಡುತ್ತೇನೆ: ಒರೆಸುವ ಬಟ್ಟೆಗಳನ್ನು ಯಂತ್ರಕ್ಕೆ ಹಾಕುವಾಗ ಘಮಘಮಿಸಲಿ ಎಂದು ಬಟ್ಟೆ ಮೃದುಗೊಳಿಸುವ ದ್ರಾವಣವನ್ನು ಸುರಿಯುವುದನ್ನು ನಿಲ್ಲಿಸಿ. ಅದು ಎಳೆಗಳ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ, ಬಟ್ಟೆ ನೀರು ಹೀರದೆ ಬರಿದೇ ಸವರುತ್ತದೆ. ನಮ್ಮ ಮನೆಯ ಟವೆಲ್ಲುಗಳೆಲ್ಲ ಹೀಗೆಯೇ ಕೆಟ್ಟವು.

ಈ ಬಟ್ಟೆಯ ಪಾಠ ನನಗೆ ಬಂದದ್ದು ನಷ್ಟದಿಂದ. 1974ರಲ್ಲಿ ಮದುವೆಯಾಗಿ ಹಾಸನಕ್ಕೆ ಬಂದ ಹೊಸದರಲ್ಲಿ ಮಾವನವರು ಅಂಬಾಸಿಡರ್ ಕಾರೊಂದನ್ನು ಗೊತ್ತು ಮಾಡಿ ಮನೆಮಂದಿಯನ್ನೆಲ್ಲ ಸುಬ್ರಹ್ಮಣ್ಯಕ್ಕೂ ಧರ್ಮಸ್ಥಳಕ್ಕೂ ಕರೆದುಕೊಂಡು ಹೊರಟರು. ಅತ್ತೆಯವರದು ಒಂದರೊಳಗೊಂದು ಕೂರುವ ಮೂರು ಹಿತ್ತಾಳೆ ತಪ್ಪಲೆಗಳು, ತಿರುಪು ಮುಚ್ಚಳದ ಒಂದು ಕೂಜ, ಪಂಪು ಹೊಡೆಯುವ ಸೀಮೆಎಣ್ಣೆ ಸ್ಟವ್ವು, ಅದರ ಪಿನ್ನು. ಪಂಚೆಯ ತುಂಡುಗಳನ್ನು ಹಾಕು ಎಂದು ಅವರು ಹೇಳಿದ್ದರು. ಹೊರಡುವ ಗಡಿಬಿಡಿಯಲ್ಲಿ ನಾನು ಹಾಕಲಿಲ್ಲ. ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಒಳಗಿನ ತಪ್ಪಲೆಯ ಕಂಠ ನೆಗ್ಗಿ, ಮುಚ್ಚಳ ಕೂರದಂತಾಗಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಕಲಾಯಿ ಉಜ್ಜಿಹೋಗಿ ಹಳದಿ ಲೋಹ ಕಾಣುತ್ತಿತ್ತು. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಇಳಿಯುತ್ತದೆಂದು ಅತ್ತೆಯವರು ಆ ರಾತ್ರಿ ಸಾರು ಮಾಡದೆ ಎಲ್ಲರಿಗೂ ಮಜ್ಜಿಗೆಯನ್ನ ಬಡಿಸಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಇವತ್ತಿಗೂ ಆ ತಪ್ಪಲೆ ನನ್ನ ಬಳಿ ಇದೆ, ನೆಗ್ಗು ಹಾಗೆಯೇ ಇದೆ.

ಈಗ ಕಲಾಯಿ ಹಾಕುವವರು ಸಿಗುವುದೇ ಅಪರೂಪವಾದ್ದರಿಂದ ನಾನು ಸ್ಟೀಲಿಗೇ ಒಪ್ಪಿಕೊಂಡಿದ್ದೇನೆ. ಅಯಸ್ಕಾಂತ ಅಂಟದಿದ್ದರೆ ಉತ್ತಮ ಸ್ಟೀಲು ಎಂಬುದು ಅರ್ಧ ಸತ್ಯ ಮಾತ್ರ. ನಿಕಲ್ ಕಡಿಮೆಯಿದ್ದು ಮ್ಯಾಂಗನೀಸ್ ಹೆಚ್ಚಿರುವ 202 ದರ್ಜೆಯ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಉಪ್ಪು ಹುಳಿಗೆ ಅದು ಬೇಗ ಕಲೆಗಟ್ಟುತ್ತದೆ. 304 ಎಂದೋ 18/8 ಎಂದೋ ಅಚ್ಚೊತ್ತಿರುವುದನ್ನು ನೋಡಿ ಕೊಳ್ಳಿ. ಅಂದರೆ ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. ಅಂಚು ಒಳಕ್ಕೆ ಸುರುಳಿ ಸುತ್ತಿ ಟೊಳ್ಳಾಗಿರುವ ಪಾತ್ರೆ ಬೇಡ, ಆ ಟೊಳ್ಳಿನಲ್ಲಿ ನೀರು ನಿಂತು ವಾಸನೆ ಹಿಡಿಯುತ್ತದೆ. ಪಾತ್ರೆಗಳಿಗೆ ಹಿಡಿಯಿಲ್ಲವಲ್ಲ ಎಂದು ಹೆದರಬೇಡಿ. ಒಂದು ಒಳ್ಳೆಯ ಇಕ್ಕಳ ನಾಲ್ಕು ಪಾತ್ರೆಗಳಿಗೂ ಹಿಡಿಯಾಗುತ್ತದೆ. ಇಕ್ಕಳ ಕೊಳ್ಳುವಾಗ ಅಂಗಡಿಯಲ್ಲೇ ತಪ್ಪಲೆಗೆ ಮುಕ್ಕಾಲು ನೀರು ತುಂಬಿ ಎತ್ತಿ ನೋಡಿ. ಬಾಯಿ ಜಾರಿದರೆ, ನಡುವಿನ ರಿವೆಟ್ಟು ಅಲುಗಾಡಿದರೆ ಅದನ್ನು ಅಲ್ಲೇ ಬಿಡಿ. ಕ್ಯಾರಿಯರನ್ನೂ ಡಬ್ಬಿಗಳನ್ನೂ ಹೀಗೆಯೇ ನೀರು ತುಂಬಿ ಬೋರಲು ಹಿಡಿದು ಪರೀಕ್ಷಿಸಬೇಕು.

ಚಾಕು ಗಿಡ್ಡದಿರಲಿ, ಅಲಗು ಹಿಡಿಯ ತುದಿಯವರೆಗೂ ಹಾದುಹೋಗಿರಲಿ. ಅದಕ್ಕೆ ಪ್ಲಾಸ್ಟಿಕ್ ಒರೆ ಕೊಳ್ಳುವ ಬದಲು ಅಡಿಕೆ ಹಾಳೆಯ ತುಂಡೊಂದನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದಾಗ ಅಲಗಿನ ಸುತ್ತ ಮಡಿಚಿ, ದಪ್ಪ ದಾರದಿಂದ ಹೊಲಿಯಿರಿ. ಚಾಕನ್ನು ಹೊರತೆಗೆದು ಒರೆಯನ್ನು ನೆರಳಲ್ಲಿ ಒಣಗಿಸಿದರೆ ಆ ಆಕಾರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ತೆಂಗಿನಕಾಯಿ ತುರಿಯುವ ಮಣೆ ಬೇಡ, ಕೊಬ್ಬರಿಯನ್ನೂ ಅದನ್ನು ತುರಿಯುವ ಚಪ್ಪಟೆ ತಗಡನ್ನೂ ಒಯ್ಯಿರಿ. ರುಬ್ಬುವ ಕೆಲಸವನ್ನು ಮನೆಯಲ್ಲೇ ಮುಗಿಸಿ ಪುಡಿ ಮಾಡಿಕೊಳ್ಳಿ.

ಒಲೆಯ ವಿಷಯದಲ್ಲಿ ನನಗೆ ಸಿಟ್ಟಿಗಿಂತ ಭಯವೇ ಹೆಚ್ಚು. ಒಂದೇ ಬರ್ನರಿನ, ಗಿಡ್ಡ ಕಾಲಿನ, ಅಗಲ ಪಾದದ ಒಲೆ ಸಾಕು. ತುಂಬಿದ ಕುಕ್ಕರನ್ನು ಇಟ್ಟು ಬೆರಳಿನಿಂದ ತಳ್ಳಿದರೆ ಅಲುಗಬಾರದು. ಡಬ್ಬಿಯಂಥ ಬ್ಯೂಟೇನ್ ಕ್ಯಾನುಗಳು ನಮ್ಮ ಮಲೆನಾಡಿಗೆ ನಡೆಯುತ್ತವೆ, ಆದರೆ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅನಿಲವಾಗುವುದನ್ನೇ ನಿಲ್ಲಿಸುವುದರಿಂದ ಲಡಾಖಿನ ಚಳಿಗೆ ಅವನ್ನು ನಂಬಿ ಹೋಗಬೇಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅವನ್ನು ಬಿಡಲೇಬೇಡಿ. 5 ಕಿಲೋ ಸಿಲಿಂಡರ್ ಬಳಸುವವರು ಐಎಸ್‌ಐ ಗುರುತಿನ ಪೈಪನ್ನೇ ಹಾಕಬೇಕು, 5 ವರ್ಷಕ್ಕೊಮ್ಮೆ ಬದಲಿಸಬೇಕು, ಜೋಡಿಸಿದಾಗಲೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಮಳೆ ಬಂತೆಂದು ಡೇರೆಯೊಳಗೆ, ಕಾರಿನೊಳಗೆ ಒಲೆ ಹಚ್ಚುವವರನ್ನು ಕಂಡಿದ್ದೇನೆ. ಮುಚ್ಚಿದ ಜಾಗದಲ್ಲಿ ಉರಿದ ಒಲೆಯಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ರೈಲಿನಲ್ಲಿ ಗ್ಯಾಸು ಒಯ್ಯುವುದು ನಿಷಿದ್ಧ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಂದರಲ್ಲಿ ಕದ್ದುಮುಚ್ಚಿ ತಂದಿದ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ 9 ಯಾತ್ರಿಕರು ಸತ್ತರು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದೂ ಅಪರಾಧ. ಬಂಡೀಪುರದ ದಾರಿಯಲ್ಲಿ ಹಗಲು ಹೊತ್ತಿನಲ್ಲೂ ಕಾರು ನಿಲ್ಲಿಸಿ ಒಲೆ ಹೂಡುವ ಯೋಚನೆ ಮಾಡಬೇಡಿ. ಅಂಥ ಕಡೆಗೆ ಬುತ್ತಿ ಕಟ್ಟಿಕೊಂಡು ಹೋಗಿ.

ಊರಿಗೆ ಮರಳಿದ ದಿನವೇ, ಎಷ್ಟೇ ದಣಿದಿದ್ದರೂ, ಪೆಟ್ಟಿಗೆಯಂತಿರುವ ಆ ಕುಕ್ಕರನ್ನು ಬಿಚ್ಚಿ. ಒದ್ದೆ ಬಟ್ಟೆಗಳೊಂದಿಗೆ ಮುಚ್ಚಿಟ್ಟ ಪಾತ್ರೆಗಳು ಎರಡೇ ದಿನದಲ್ಲಿ ಮುಗ್ಗುಲು ವಾಸನೆ ಹಿಡಿಯುತ್ತವೆ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಗ್ಯಾಸ್ಕೆಟ್ಟನ್ನು ತೊಳೆದು ನೆರಳಿಗೆ ತೂಗುಹಾಕಿ. ಎಲ್ಲವೂ ಒಣಗಿ ಗರಿಗರಿಯಾದ ಮೇಲೆ ಮುಂದಿನ ಪ್ರಯಾಣಕ್ಕೆಂದು ಅದೇ ಕ್ರಮದಲ್ಲಿ ತುಂಬಿ, ಮುಚ್ಚಳವನ್ನು ಮಾತ್ರ ಬಿಗಿಯದೆ ಮೇಲೆ ಬೋರಲು ಇಟ್ಟುಬಿಡಿ, ಒಳಗೆ ಗಾಳಿಯಾಡಲಿ.