ಇನ್ವರ್ಟರ್ ವೆಲ್ಡಿಂಗ್‌ನಲ್ಲಿ ರಾಡ್ ಅಂಟುತ್ತಿದ್ದದ್ದು ಸರಿಯಾಯ್ತು

ಗಂಗಾವತಿ ಕಡೆ ನಾಟಿ ಹಂಗಾಮು ಅಂದ್ರೆ ವರ್ಕ್‌ಶಾಪ್ ತುಂಬಾ ಕೇಜ್ ವೀಲ್ (ಕೆಸರುಗದ್ದೆಗೆ ಟ್ರ್ಯಾಕ್ಟರ್‌ಗೆ ಹಾಕುವ ಕಬ್ಬಿಣದ ಚಕ್ರ). 6 ಎಂಎಂ ಪಟ್ಟಿಗೆ 3.15 ಎಂಎಂನ 6013 (ಸಾಮಾನ್ಯ ಕಬ್ಬಿಣಕ್ಕೆ ಬಳಸುವ) ವೆಲ್ಡಿಂಗ್ ರಾಡ್, ಇನ್ವರ್ಟರ್ ಮಷಿನ್‌ನಲ್ಲಿ 110 ಆಂಪ್ ಇಟ್ಟರೂ ಪಟ್ಟಿಗೆ ಅಂಟುತ್ತಿತ್ತು. ಆಂಪ್ ಏರಿಸಿದರೆ ಪ್ರಯೋಜನವಿಲ್ಲ, ದೋಷ ಇದ್ದದ್ದು ಬೋರ್ಡಿನಿಂದ ಮಷಿನ್‌ಗೆ ಕರೆಂಟ್ ತರುವ ವೈರಿನಲ್ಲಿ.

ಆರ್ಕ್ (ರಾಡ್ ತುದಿಯ ಕಿಡಿ) ಹೊತ್ತಿರುವಾಗಲೇ ವೋಲ್ಟೇಜ್ ಅಳೆಯಬೇಕು, ಖಾಲಿ ಇದ್ದಾಗ ಎಲ್ಲಾ ಸರಿಯೇ ಕಾಣುತ್ತೆ. ಬೋರ್ಡಿನಲ್ಲಿ 190 ವೋಲ್ಟ್, ಮಷಿನ್ ಹತ್ತಿರ ಸುಮಾರು 170 ಇತ್ತು. 30 ಮೀಟರ್ ಉದ್ದದ 1.5 ಚದರ ಎಂಎಂ ತಾಮ್ರದ ವೈರು 25 ಆಂಪ್ ಎಳೆದಾಗ ಹೆಚ್ಚುಕಡಿಮೆ 18 ವೋಲ್ಟ್ ತಿನ್ನುತ್ತೆ. 4 ಚದರ ಎಂಎಂ ಹಾಕಿದ ಮೇಲೆ ನಷ್ಟ 7 ವೋಲ್ಟ್‌ಗೆ ಇಳಿಯಿತು. ವೈರನ್ನು ಸುರುಳಿಯಲ್ಲೇ ಬಿಡಬೇಡಿ, ಪೂರ್ತಿ ಬಿಚ್ಚಿ ಹಾಸಿ. ಇಲ್ಲದಿದ್ದರೆ ಬಿಸಿಯಾಗಿ ಇನ್ಸುಲೇಷನ್ ಕರಗುತ್ತೆ.

ಅರ್ತ್ ಕ್ಲ್ಯಾಂಪ್ (ಮಷಿನ್‌ನ ಇನ್ನೊಂದು ಕೇಬಲ್ಲಿನ ಕಬ್ಬಿಣ ಕಚ್ಚುವ ಕ್ಲಿಪ್) ಕೆಸರು, ತುಕ್ಕಿನ ಮೇಲೆ ಕೂರಬಾರದು. ಗ್ರೈಂಡರ್‌ನಿಂದ ಹೊಳೆಯುವಷ್ಟು ಉಜ್ಜಿ, ಜಾಯಿಂಟ್ ಹತ್ತಿರವೇ ಕಚ್ಚಿಸಿ.