ಕ್ಲಿಂಗಾನರ ಮಾನಕ್ಕೆ ನಾನಿಟ್ಟ ಲೆಕ್ಕ

‘ಸ್ಟಾರ್ ಟ್ರೆಕ್’ ಅನ್ನುವ ಬಾಹ್ಯಾಕಾಶದ ಟಿವಿ ಸರಣಿಯಲ್ಲಿ ಬರುವ ಯೋಧರ ಕುಲ ಕ್ಲಿಂಗಾನರು ಮಾತೆತ್ತಿದರೆ ಮಾನ, ಮರ್ಯಾದೆ ಅನ್ನುತ್ತಾರಲ್ಲ, ನಿಜಕ್ಕೂ ಹಾಗೆ ನಡೆದುಕೊಳ್ಳುತ್ತಾರಾ? ಬರೀ ವಾದ ಮಾಡಿ ಸಾಕಾಗಿ ಒಂದು ನೋಟ್‌ಬುಕ್ ಹಿಡಿದು ಕೂತೆ. ಅವರಲ್ಲೊಬ್ಬನಾದ ವರ್ಫ್‌ನ ಕಥೆ ಬರುವ ಕಂತುಗಳನ್ನೇ ಆರಿಸಿಕೊಂಡೆ. ಅವನನ್ನು ಸಾಕಿದ್ದು ಮನುಷ್ಯರು. ತನ್ನವರ ಕಟ್ಟುಪಾಡನ್ನು ಅವನು ದೂರದಿಂದ ಕಲಿತವನು, ಹಾಗಾಗಿ ಅದನ್ನು ಚಾಚೂ ತಪ್ಪದೆ ನಂಬುತ್ತಾನೆ.

ಪುಟದಲ್ಲಿ ಒಂದು ಕಡೆ ಆಡಿದ್ದು, ಇನ್ನೊಂದು ಕಡೆ ಮಾಡಿದ್ದು. ಬೇಗನೇ ಮೂರನೇ ಕಾಲಂ ಬೇಕಾಯಿತು: ತಪ್ಪು ನಡೆದಾಗ ಬೆಲೆ ತೆತ್ತವರು ಯಾರು? ಕುಡಿದು ಕೊಚ್ಚಿಕೊಂಡದ್ದನ್ನೆಲ್ಲ ಬರೆಯಲಿಲ್ಲ. ಹಡಗನ್ನು ಕಾಣದ ಹಾಗೆ ಮಾಡಿಕೊಂಡು ಮೇಲೆ ಬೀಳುವುದನ್ನೂ ಬಿಟ್ಟೆ. ಅದು ಮೋಸ ಅನ್ನುವವರಿದ್ದಾರೆ. ನನಗೆ ಹಾಗನಿಸಲ್ಲ. ಬೇಟೆಗಾರ ಪೊದೆಯಲ್ಲಿ ಕೂತರೆ ತಪ್ಪೇನು?

ಜಾಸ್ತಿ ಪುಟ ತಿಂದದ್ದು 1990ರ ‘ಸಿನ್ಸ್ ಆಫ್ ದ ಫಾದರ್’ ಕಂತು. ಕ್ಲಿಂಗಾನರ ಖಿಟೊಮರ್ ನೆಲೆಯನ್ನು ಶತ್ರುಗಳಾದ ರೊಮ್ಯುಲನರ ಕೈಗೆ ಕೊಟ್ಟಿದ್ದು ವರ್ಫ್‌ನ ಅಪ್ಪ ಮೋಗ್ ಅಂತ ಆರೋಪ. ನಿಜವಾದ ದ್ರೋಹಿ ಆಡಳಿತ ಸಭೆಯ ಸದಸ್ಯ ಡ್ಯುರಾಸ್‌ನ ಅಪ್ಪ. ಸಾಮ್ರಾಜ್ಯದ ಮುಖ್ಯಸ್ಥ ಕೆಂಪೆಕ್‌ಗೂ ಅದು ಗೊತ್ತು. ಆದರೆ ಡ್ಯುರಾಸ್‌ನದು ದೊಡ್ಡ ಮನೆತನ, ಮುಟ್ಟಿದರೆ ಅಂತರ್ಯುದ್ಧ. ಸರಿ, ಸತ್ತವನ ತಲೆಗೇ ಕಟ್ಟಿಬಿಡೋಣ! ಸಾಮ್ರಾಜ್ಯ ಉಳಿಯಲಿ ಅಂತ ವರ್ಫ್ ಒಪ್ಪಿಕೊಂಡು ಸಭೆಯ ನಡುವೆ ನಿಲ್ಲುತ್ತಾನೆ. ಒಬ್ಬೊಬ್ಬರಾಗಿ ಎದೆಯ ಮುಂದೆ ತೋಳು ಅಡ್ಡ ಹಿಡಿದು ಅವನಿಗೆ ಬೆನ್ನು ಹಾಕುತ್ತಾರೆ. ವರ್ಫ್‌ನ ತಮ್ಮ ಕರ್ನ್‌ಗೆ ಮನಸ್ಸು ಬರುವುದಿಲ್ಲ. ನೀನೂ ತಿರುಗು ಅಂತ ವರ್ಫ್‌ನೇ ಹೇಳಬೇಕಾಗುತ್ತದೆ. ಆ ಸಭೆಯಲ್ಲಿ ಕಟ್ಟುಪಾಡಿಗೆ ತಲೆಬಾಗಿದವನು ಅವನೊಬ್ಬ, ಮಾನ ಹೋಗಿದ್ದೂ ಅವನದೇ.

ಮರುವರ್ಷ ಹೊಸ ಮುಖ್ಯಸ್ಥ ಗೌರಾನ್ ಆ ಮಾನವನ್ನು ವಾಪಸ್ ಕೊಡುತ್ತಾನೆ. ಸತ್ಯ ತಿಳಿದಿದ್ದಕ್ಕಲ್ಲ. ವರ್ಫ್ ಬಂದು ನಿಜ ಹೇಳಿದಾಗ ಆಗಲ್ಲ ಅಂದಿದ್ದ. ಕರ್ನ್‌ನ ಹಡಗುಗಳು ಬಂದು ತನ್ನ ಜೀವ ಉಳಿಸಿದ ಮೇಲೆ ಕೊಟ್ಟ.

ಲೆಕ್ಕಪತ್ರದ ವಿಷಯಕ್ಕೆ ಬಂದರೆ ಇವರ ಶೌರ್ಯ ನೋಡಬೇಕು. 1994ರ ‘ದ ಹೌಸ್ ಆಫ್ ಕ್ವಾರ್ಕ್’ನಲ್ಲಿ ಡಿಗೋರ್ ಅನ್ನುವ ಕ್ಲಿಂಗಾನ ಇನ್ನೊಂದು ಮನೆತನವನ್ನು ಹಣದ ಆಟದಿಂದ ಮುಳುಗಿಸುತ್ತಿರುತ್ತಾನೆ. ಅದನ್ನು ಹಿಡಿಯುವವನು ಬಾರ್ ಮಾಲೀಕ ಕ್ವಾರ್ಕ್. ಸಭೆಯ ಮಹಾವೀರರೆಲ್ಲ ಅಂಕಿಗಳನ್ನು ನೋಡುತ್ತಾ ಕಣ್ಣು ಕಣ್ಣು ಬಿಡುತ್ತಾರೆ. ಕೊನೆಗೆ ಕ್ವಾರ್ಕ್ ಆಯುಧ ಬಿಸಾಡಿ, ಕೊಲ್ಲು ಅನ್ನುತ್ತಾನೆ. ಡಿಗೋರ್ ಕತ್ತಿ ಎತ್ತಿಯೇಬಿಡುತ್ತಾನೆ! ಇಲ್ಲಿ ಗೌರಾನ್ ತಡೆದ, ಡಿಗೋರ್‌ನ ಮಾನ ತೆಗೆದ. ಕಟ್ಟುಪಾಡು ಕೆಲಸ ಮಾಡಿದ್ದನ್ನೂ ಬರೆದುಕೊಳ್ಳಬೇಕಲ್ವಾ, ಬರೆದುಕೊಂಡೆ.

ಕ್ಲಿಂಗಾನ್ ಸೇನಾಪತಿ ಮಾರ್ಟಕ್‌ನ ಪುಟವೇ ಬೇರೆ. ಕೇಥಾ ತಗ್ಗುನಾಡಿನ ಸಾಮಾನ್ಯ ಮನೆಯ ಹುಡುಗ ಅಧಿಕಾರಿಯಾಗಲು ಅರ್ಜಿ ಹಾಕಿದ್ದ. ದೊಡ್ಡ ಮನೆತನದ ಕೋರ್ ಅದನ್ನು ತಳ್ಳಿಹಾಕಿದ್ದ. ಕಾರಣ ಹುಟ್ಟು. ಕರ್ಣನಿಗೆ ಕೃಪಾಚಾರ್ಯರು ಕುಲ ಕೇಳಿದ್ದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಾಷೆ ಅಂದರೆ, ಅರಳುಮರುಳಾದ ಅದೇ ಮುದುಕ ಕೋರ್ ಕೊನೆಗೆ ಒಂದೇ ಹಡಗಿನಲ್ಲಿ ಹೋಗಿ ಶತ್ರುವನ್ನು ತಡೆದು ಸಾಯುತ್ತಾನೆ. ಅವನಿಂದಲೇ ಮಾರ್ಟಕ್ ಬದುಕುತ್ತಾನೆ. ಎರಡೂ ಒಬ್ಬನದೇ ಕೆಲಸ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಲು ನನಗೆ ಕೈ ಬರಲಿಲ್ಲ.

ಪುಟ ತಿರುವಿದಷ್ಟೂ ಕಂಡದ್ದು ಇಷ್ಟು: ರಣರಂಗದಲ್ಲಿ ಇವರು ಆಡಿದಂತೆ ನಡೆಯುತ್ತಾರೆ, ಸಭೆಯಲ್ಲಿ ಇಲ್ಲ. ಬೆಲೆ ತೆರುವವರು ಹೆಚ್ಚಾಗಿ ಕೆಳಗಿನವರು, ಇಲ್ಲವೇ ವರ್ಫ್‌ನಂಥ ಹೊರಗಿನವರು. 1999ರ ಒಂದು ಕಂತಿನಲ್ಲಿ ವರ್ಫ್‌ನ ಸಹೋದ್ಯೋಗಿ ಎಜ್ರಿ ಇದನ್ನೇ ವರ್ಫ್‌ನ ಮುಖಕ್ಕೆ ಹೇಳುತ್ತಾಳೆ. ನಿಮ್ಮ ನಾಯಕರ ಭ್ರಷ್ಟಾಚಾರ ನೋಡಿಯೂ ನಿನ್ನಂಥವನೇ ಸಹಿಸಿಕೊಂಡರೆ ಆ ಸಾಮ್ರಾಜ್ಯಕ್ಕೆ ಉಳಿವೆಲ್ಲಿ ಅನ್ನುವ ಧಾಟಿ ಅವಳದು. ಅಷ್ಟರಲ್ಲಿ ಗೌರಾನ್ ಹೊಟ್ಟೆಕಿಚ್ಚಿಗೆ ಮಾರ್ಟಕ್‌ನನ್ನು ಸೋಲುವುದು ಖಚಿತವಾದ ಯುದ್ಧಗಳಿಗೆ ಅಟ್ಟುತ್ತಿರುತ್ತಾನೆ. ವರ್ಫ್ ಗೌರಾನ್‌ನನ್ನು ದ್ವಂದ್ವಕ್ಕೆ ಕರೆದು ಕೊಲ್ಲುತ್ತಾನೆ, ಆಮೇಲೆ ಮುಖ್ಯಸ್ಥನ ನಿಲುವಂಗಿಯನ್ನು ಮಾರ್ಟಕ್‌ಗೆ ಹೊದಿಸುತ್ತಾನೆ. ಅಧಿಕಾರಿಯಾಗಲೂ ಯೋಗ್ಯನಲ್ಲ ಅನ್ನಿಸಿಕೊಂಡಿದ್ದವನು ಈಗ ಎಲ್ಲರಿಗಿಂತ ಮೇಲೆ. ಬೆಲೆ ತೆತ್ತವರ ಕಾಲಂನಲ್ಲಿ ನಾನು ಒಬ್ಬ ಮುಖ್ಯಸ್ಥನ ಹೆಸರು ಬರೆದದ್ದು ಅಲ್ಲಿಯೇ. ಅದೂ ಬೇರೆ ದಾರಿ ಇಲ್ಲದೆ, ಯುದ್ಧವೇ ಕೈಬಿಟ್ಟು ಹೋಗುತ್ತಿದ್ದಾಗ.