ಎಸಿಟ್ರಾಮ್ ನುಂಗುವವರ ಮಂಡಿನೋವು

ಮಂಡಿ ಹಿಡಿದುಕೊಂಡು ಬಸ್ಸಿನಿಂದ ಇಳಿಯುವವರನ್ನು ಕಂಡರೆ ಸಾಕು, ನಮ್ಮ ಜನ ತಮಗೆ ಗೊತ್ತಿರುವ ಒಂದು ಮಾತ್ರೆಯ ಹೆಸರು ಹೇಳಿಯೇ ಬಿಡುತ್ತಾರೆ. ಹೇಳುವವರಲ್ಲಿ ಮರುಕವಿದೆ, ಇಲ್ಲವೆನ್ನಲಾರೆ. ಆದರೆ ಕೇಳಿಸಿಕೊಳ್ಳುವವರು ಎಸಿಟ್ರಾಮ್, ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ವಿಚಾರಿಸುವವರು ಕಡಿಮೆ. ಹೃದಯದ ಕವಾಟ ಬದಲಾಯಿಸಿಕೊಂಡವರು, ಎದೆಬಡಿತದ ಲಯ ತಪ್ಪಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಇವರಲ್ಲಿ ಬಹಳಷ್ಟು ಮಂದಿ ಇಂಥ ಮಾತ್ರೆಯವರೇ. ವಯಸ್ಸಾದಂತೆ ಅವರಿಗೂ ಮಂಡಿ, ಸೊಂಟ, ಕತ್ತು ಹಿಡಿಯುತ್ತದೆ. ನಾನೂ ಆ ಗುಂಪಿನವಳೇ. ಕವಾಟದ ಮಾತ್ರೆಯೂ ಮಂಡಿಯ ಉಪಚಾರವೂ ನನ್ನ ಮೈಯಲ್ಲಿ ಒಂದೇ ಮನೆಯ ಸವತಿಯರಂತೆ ಇವೆ. ಒಬ್ಬಳನ್ನು ಓಲೈಸಲು ಹೋದರೆ ಇನ್ನೊಬ್ಬಳು ರಂಪ ಮಾಡುತ್ತಾಳೆ. ಇಬ್ಬರನ್ನೂ ಸಂಭಾಳಿಸುವ ಬಗೆಯನ್ನು ಹೇಳುತ್ತೇನೆ.

ಔಷಧಿ ಅಂಗಡಿಯಲ್ಲಿ ಬಾಯಿಮಾತಿಗೇ ಸಿಗುವ ನೋವಿನ ಮಾತ್ರೆಗಳನ್ನು ಮನೆಯಿಂದ ಆಚೆ ಇಡಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರಾಕ್ಸೆನ್, ಮೆಫೆನಾಮಿಕ್ ಆಸಿಡ್, ನಿಮೆಸುಲೈಡ್, ಇವೆಲ್ಲ ಒಂದೇ ಬಳಗ. ಇವು ಜಠರದ ಒಳಪೊರೆಯನ್ನು ಕೆರೆದು ಹುಣ್ಣು ಮಾಡಬಲ್ಲವು. ಇವುಗಳಲ್ಲಿ ಹೆಚ್ಚಿನವು ರಕ್ತದ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟುವುದನ್ನೂ ತಡೆಯುತ್ತವೆ. ಮೊದಲೇ ನಿಧಾನವಾಗಿ ಹೆಪ್ಪುಗಟ್ಟುವ ರಕ್ತಕ್ಕೆ ಇದು ಸೇರಿದರೆ ಹೊಟ್ಟೆಯೊಳಗೆ ಸದ್ದಿಲ್ಲದೆ ರಕ್ತ ಸೋರಲು ಶುರುವಾಗಬಹುದು. ಬೆಳಗ್ಗೆ ಗ್ಯಾಸಿನ ಮಾತ್ರೆ ನುಂಗಿದ್ದೇನೆ, ಆದ್ದರಿಂದ ತೊಂದರೆಯಿಲ್ಲ ಎನ್ನುವ ಧೈರ್ಯ ಅರ್ಧ ಮಾತ್ರ ಸರಿ. ಪ್ಯಾಂಟೊಪ್ರಜೋಲ್ ಹೊಟ್ಟೆಗೆ ಒಂದಿಷ್ಟು ಕಾವಲು ಕೊಡುತ್ತದೆ, ರಕ್ತದ ಸ್ವಭಾವವನ್ನು ಸರಿಪಡಿಸುವುದಿಲ್ಲ. ಹೆಸರಿನ ಮೋಸವನ್ನೂ ಗಮನಿಸಿ: ಕಾಂಬಿಫ್ಲಾಮ್ ಎಂದರೆ ಜ್ವರದ ಮಾತ್ರೆ ಎಂದೇ ಬಹಳ ಮಂದಿ ತಿಳಿದಿದ್ದಾರೆ, ಅದರೊಳಗೆ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೇನ್ ಕುಳಿತಿದೆ. ಕನ್ನಡಕ ಹಾಕಿಕೊಂಡು ಹಾಳೆಯ ಹಿಂಬದಿಯ ಸಣ್ಣ ಅಕ್ಷರ ಓದಿ. ಕಾಣದಿದ್ದರೆ ಮೊಮ್ಮಕ್ಕಳ ಕೈಯಲ್ಲಿ ಓದಿಸಿ.

ಹಾಗಾದರೆ ನೋವಿಗೆ ಏನು ನುಂಗುವುದು? ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವುದು ಬರೀ ಪ್ಯಾರಾಸಿಟಮಾಲ್. ನಮ್ಮಂಥವರಿಗೆ ಇರುವವುಗಳಲ್ಲಿ ಅದೇ ಮೆತ್ತಗಿನದು. ಎಂದಾದರೊಂದು ದಿನ ನುಂಗುವುದಕ್ಕೂ ಪ್ರತಿದಿನ ನುಂಗುವುದಕ್ಕೂ ವ್ಯತ್ಯಾಸವಿದೆ. ದಿನಕ್ಕೆ 2 ಗ್ರಾಂ, ಅಂದರೆ 500 ಮಿ.ಗ್ರಾಂನ ನಾಲ್ಕು ಮಾತ್ರೆಯಷ್ಟನ್ನು, ಕೆಲವು ದಿನ ಬಿಡದೆ ತೆಗೆದುಕೊಂಡರೆ ಎಸಿಟ್ರಾಮ್, ವಾರ್ಫರಿನ್‌ನವರಿಗೆ ಐಎನ್‌ಆರ್ ಮೇಲೇರುವುದುಂಟು; ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ ಅದು, ಏರಿದಷ್ಟೂ ರಕ್ತಸ್ರಾವದ ಭಯ ಹೆಚ್ಚು. ಆದ್ದರಿಂದ ದಿನನಿತ್ಯ ಬೇಕೆಂದಾದರೆ ಎಷ್ಟು ಎಂದು ವೈದ್ಯರಿಂದಲೇ ನಿಗದಿ ಮಾಡಿಸಿಕೊಳ್ಳಿ, ಒಂದು ವಾರದೊಳಗೆ ರಕ್ತಪರೀಕ್ಷೆ ಮಾಡಿಸಿ. ನೆಗಡಿಯ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಲೆಕ್ಕಕ್ಕೆ ಅದೂ ಸೇರಬೇಕು. ಸಂಜೆ ಒಂದು ಪೆಗ್ ಹಾಕುವ ಗಂಡಸರು ಈ ವಾಕ್ಯವನ್ನು ಎರಡು ಸಲ ಓದಲಿ: ಮದ್ಯಕ್ಕೂ ಪ್ಯಾರಾಸಿಟಮಾಲ್‌ಗೂ ರಕ್ತದ ಮಾತ್ರೆಗೂ ಕೆಲಸ ಬೀಳುವುದು ಅದೇ ಲಿವರ್ ಮೇಲೆ.

ಇದಕ್ಕಿಂತ ಬಿರುಸಾದ ಟ್ರಮಡಾಲ್ ಕೂಡ ಕೆಲವರಲ್ಲಿ ಐಎನ್‌ಆರ್ ಏರಿಸುತ್ತದೆ, ಜೊತೆಗೆ ತಲೆ ತಿರುಗಿಸುತ್ತದೆ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್‌ನಲ್ಲೂ ತಲೆಸುತ್ತು, ತೂಕಡಿಕೆ ಇದೆ. ಅಂಥದೇ ನೋವಿಗೆ ಕೊಡುವ ಡುಲೊಕ್ಸೆಟೀನ್ ರಕ್ತಸ್ರಾವದ ಸಂಭವವನ್ನು ತುಸು ಹೆಚ್ಚಿಸುತ್ತದೆ. ಬೇಡವೇ ಬೇಡ ಎನ್ನುತ್ತಿಲ್ಲ. ಬರೆದುಕೊಡುವವರಿಗೆ ನಿಮ್ಮ ರಕ್ತದ ಮಾತ್ರೆ ಗೊತ್ತಿರಲಿ. ರಾತ್ರಿ ಎದ್ದಾಗ ಬಚ್ಚಲುಮನೆಯ ದಾರಿಯಲ್ಲಿ ದೀಪ ಉರಿಯುತ್ತಿರಲಿ, ಕಾಲಿಗೆ ಸಿಕ್ಕುವ ಕಾಲೊರಸು ಅಲ್ಲಿರದಿರಲಿ.

ಮೇಲೆ ಹಚ್ಚುವುದರಿಂದ ಏನಾದೀತು ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಸದಾ ಬರುತ್ತದೆ. ಆಗುತ್ತದೆ. ನೋವಿನ ಮುಲಾಮುಗಳ ಡಬ್ಬಿಯಲ್ಲಿ ‘ಗಂಧಪುರ ತೈಲ’ ಎಂದೋ ಮೀಥೈಲ್ ಸ್ಯಾಲಿಸಿಲೇಟ್ ಎಂದೋ ಬರೆದಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ. ಊಟಿಗೆ ಹೋದವರು ನೀಲಗಿರಿ ಎಣ್ಣೆಯ ಜೊತೆಗೆ ತರುವ ವಿಂಟರ್‌ಗ್ರೀನ್ ಎಣ್ಣೆಯ ಸತ್ವವೂ ಅದೇ. ಅದು ಆಸ್ಪಿರಿನ್‌ನ ಕುಲದ್ದು, ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ. ದಿನಕ್ಕೆ ಮೂರು ಹೊತ್ತು ಎರಡೂ ಮಂಡಿಗೆ, ಬೆನ್ನಿಗೆ ಧಾರಾಳವಾಗಿ ತಿಕ್ಕಿ, ಮೇಲೆ ಬಟ್ಟೆ ಸುತ್ತಿ, ಶಾಖವನ್ನೂ ಕೊಟ್ಟರೆ ಇಳಿಯುವ ಪ್ರಮಾಣ ಏರುತ್ತದೆ. ಹೀಗೆ ಹಚ್ಚಿಕೊಂಡ ವಾರ್ಫರಿನ್ ರೋಗಿಗಳಲ್ಲಿ ಐಎನ್‌ಆರ್ ಏರಿದ್ದು ವೈದ್ಯಲೋಕದಲ್ಲಿ ದಾಖಲಾಗಿದೆ. ತಲೆನೋವಿಗೆ ಹಣೆಗೆ ಸವರುವ ಚಿಟಿಕೆಯ ಮಾತು ಬೇರೆ. ಡೈಕ್ಲೋಫೆನಾಕ್ ಜೆಲ್ ಮಾತ್ರೆಗಿಂತ ಎಷ್ಟೋ ಮೇಲು, ರಕ್ತಕ್ಕೆ ಸೇರುವುದು ಕಡಿಮೆ. ಆದರೂ ಕೇಳಿಯೇ ಹಚ್ಚಿ. ನನಗೆ ಒಗ್ಗಿರುವುದು ಕ್ಯಾಪ್ಸೈಸಿನ್ ಮುಲಾಮು, ಮೆಣಸಿನಕಾಯಿಯ ಖಾರದ ಸತ್ವದಿಂದ ಮಾಡಿದ್ದು. ಮೊದಲ ಕೆಲವು ದಿನ ಉರಿಯುತ್ತದೆ. ಹಚ್ಚಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣು ಮುಟ್ಟಿದಿರೋ, ಬ್ಯಾಡಗಿ ಸಂತೆಯೇ ಕಣ್ಣಿಗಿಳಿಯುತ್ತದೆ.

ಸೂಜಿಯ ವಿಷಯದಲ್ಲಿ ನಾನು ನಿಷ್ಠುರಳು. ಕ್ಲಿನಿಕ್ಕಿಗೆ ಹೋಗಿ ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ತಾವೇ ಕೇಳುವವರಿದ್ದಾರೆ. ಸೊಂಟದ ಸ್ನಾಯುವಿಗೆ ಚುಚ್ಚಿದ ಜಾಗದಲ್ಲಿ ಒಳಗೇ ರಕ್ತ ಕಟ್ಟಿ ಗಡ್ಡೆಯಾಗಬಹುದು. ಚುಚ್ಚಿದ್ದು ಡೈಕ್ಲೋಫೆನಾಕ್ ಆಗಿದ್ದರೆ ಕೇಡು ಎರಡು ಕಡೆಯಿಂದ. ಗಟ್ಟಿಯಾಗಿ ತಿಕ್ಕುವ, ಮೂಳೆ ಲಟಕ್ಕೆನ್ನಿಸುವ, ಹಿಜಾಮಾ ಎಂದು ಚರ್ಮ ಗೀರಿ ರಕ್ತ ತೆಗೆಯುವ ಉಪಚಾರಗಳೂ ನಮಗಲ್ಲ. ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ಅಂಗೈಯಿಂದ ಹಗುರವಾಗಿ ಸವರಿಸಿಕೊಳ್ಳಿ, ಸಾಕು.

ಶಾಖ ಮಾತ್ರ ನಮ್ಮ ಪಾಲಿಗೆ ಉಳಿದ ಸುಖ. ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು ಹಳೆಯ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ಮುಂಗೈ ಒಳಭಾಗಕ್ಕೆ ತಾಗಿಸಿ ಬಿಸಿ ನೋಡಿ, ಆಮೇಲೆ ಮಂಡಿಗೆ ಒತ್ತಿ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಇಡುವವರೂ ಇದ್ದಾರೆ; ಎಕ್ಕದ ಹಾಲು ಕಣ್ಣಿಗೂ ಗಾಯಕ್ಕೂ ತಾಗಬಾರದು. ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ, ಅವರು ಶಾಖದ ಗೊಡವೆಗೆ ಹೋಗದಿರುವುದೇ ಲೇಸು. ಹೊಸದಾಗಿ ಪೆಟ್ಟು ಬಿದ್ದು ಊದಿಕೊಂಡ ಜಾಗಕ್ಕೆ ಬಿಸಿ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ.

ಮಂಡಿಗೆ ನಿಜವಾದ ಔಷಧ ತೊಡೆಯ ಸ್ನಾಯುವಿನಲ್ಲಿದೆ ಎಂದು ಫಿಸಿಯೋಥೆರಪಿಯ ಹುಡುಗಿ ಹೇಳಿದಾಗ ನಾನು ಅಷ್ಟಾಗಿ ನಂಬಿರಲಿಲ್ಲ. ಮಂಚದ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡುವುದು. ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಎತ್ತಿ ಹಿಡಿಯುವುದು. ಟಿವಿ ಧಾರಾವಾಹಿ ನೋಡುತ್ತಲೇ ಮಾಡಬಹುದು, ಕಥೆಯೇನೂ ತಪ್ಪಿಹೋಗುವುದಿಲ್ಲ. ಫಲ ಕಾಣಲು ಕೆಲವು ವಾರ ಬೇಕು. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ನೆಲದ ಮೇಲಿನ ಚಕ್ಕಳಮಕ್ಕಳ ಬಿಡಿ; ದೇವರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರೆ ದೇವರೇನೂ ಮುನಿಯುವುದಿಲ್ಲ. ಈಳಿಗೆಮಣೆಗೂ ನಿವೃತ್ತಿ ಕೊಡಿ. ಅದು ಮಂಡಿಯನ್ನೂ ಮಡಿಸುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಕೊಯ್ದುಕೊಂಡರೆ ಕಾಫಿಪುಡಿ ತುಂಬುವುದು ಬಿಟ್ಟು, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ.

ಇನ್ನು ಊಟ. ಎಸಿಟ್ರಾಮ್, ವಾರ್ಫರಿನ್‌ನವರಿಗೆ ಸೊಪ್ಪು ತಿನ್ನಬಾರದು ಎಂಬ ಮಾತು ಹೇಗೋ ಹಬ್ಬಿಬಿಟ್ಟಿದೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಎದುರಾಳಿ, ಅದು ನಿಜ. ಆದರೆ ಬೇಕಾದದ್ದು ಸಮನಾದ ಅಭ್ಯಾಸ. ವಾರಕ್ಕೆ ಎರಡು ಸಲ ಬಸ್ಸಾರು ಮಾಡುವ ಮನೆಯಾದರೆ ಹಾಗೆಯೇ ಮುಂದುವರಿಸಿ, ವೈದ್ಯರು ಅದಕ್ಕೆ ತಕ್ಕಂತೆ ಪ್ರಮಾಣ ಹೊಂದಿಸುತ್ತಾರೆ. ನುಗ್ಗೆಸೊಪ್ಪು ಮಂಡಿಗೆ ಒಳ್ಳೆಯದೆಂದು ಯಾರೋ ಹೇಳಿದರೆಂದು ದಿನಾ ಲೋಟ ಲೋಟ ರಸ ಕುಡಿದರೆ ಐಎನ್‌ಆರ್ ಕುಸಿಯುತ್ತದೆ. ದಿನಗಟ್ಟಲೆ ಉಪವಾಸ ಕುಳಿತರೆ ಏರುತ್ತದೆ. ಸಾರಿಗೆ ಹಾಕುವ ಅರಿಶಿನ, ಬೆಳ್ಳುಳ್ಳಿ, ಶುಂಠಿಗೆ ಹೆದರಬೇಕಿಲ್ಲ. ಅವನ್ನೇ ಸಾಂದ್ರವಾಗಿಸಿ ಕ್ಯಾಪ್ಸೂಲ್ ಮಾಡಿ ಮಾರುವುದರ ಬಗ್ಗೆ ಎಚ್ಚರವಿರಲಿ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ‘ಮೂರೇ ದಿನಕ್ಕೆ ನೋವು ಮಾಯ’ದ ಪುಡಿಯನ್ನು ಮಾತ್ರ ಕೈಯಲ್ಲೂ ಮುಟ್ಟಬೇಡಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್, ನೋವಿನ ಮಾತ್ರೆ ಬೆರೆಸಿರುವುದು ಪತ್ತೆಯಾಗಿದೆ.

ಎಸಿಟ್ರಾಮ್ 1, 2, 3, 4 ಮಿ.ಗ್ರಾಂಗಳಲ್ಲಿ ಬರುತ್ತದೆ, ಅಂಗಡಿಯವರು ಕೊಟ್ಟ ಕೂಡಲೇ ಅಂಕಿ ನೋಡಿ. ನುಂಗಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕದಲ್ಲೇ ಒಂದು ಗೀಟು ಹಾಕಿ. ಮರೆತುಹೋದರೆ ಮರುದಿನ ಎರಡು ನುಂಗಿ ಸರಿದೂಗಿಸಬೇಡಿ. ಐಎನ್‌ಆರ್‌ನ ಗುರಿ ಸಾಮಾನ್ಯವಾಗಿ 2ರಿಂದ 3, ಲೋಹದ ಮೈಟ್ರಲ್ ಕವಾಟದವರಿಗೆ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ) 2.5ರಿಂದ 3.5, ನಿಮ್ಮದು ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ. ಅಪಿಕ್ಸಬಾನ್, ರಿವರೊಕ್ಸಬಾನ್‌ನಂಥ ಹೊಸ ಮಾತ್ರೆಯವರಿಗೆ ಈ ಪರೀಕ್ಷೆಯೂ ಸೊಪ್ಪಿನ ಲೆಕ್ಕವೂ ಇಲ್ಲ, ಆದರೆ ನೋವಿನ ಮಾತ್ರೆಯ ಅಪಾಯ ಅವರಿಗೂ ಇದ್ದೇ ಇದೆ. ನೋವು ತಡೆಯಲಾಗದೆಂದು ರಕ್ತದ ಮಾತ್ರೆಯನ್ನೇ ನಿಲ್ಲಿಸಿ ನೋವಿನ ಮಾತ್ರೆ ನುಂಗುವ ಉಪಾಯ ಎಲ್ಲಕ್ಕಿಂತ ಕೆಟ್ಟದ್ದು. ಕವಾಟದಲ್ಲಿ ಹೆಪ್ಪುಗಟ್ಟಿದರೆ, ಪಾರ್ಶ್ವವಾಯು ಬಡಿದರೆ, ಮಂಡಿನೋವು ನೆನಪಿಗೂ ಬಾರದು.

ಎಲ್ಲ ನೋವೂ ಹಳೆಯ ನೋವೇ ಎಂದುಕೊಳ್ಳಬೇಡಿ. ಪೆಟ್ಟೇ ಇಲ್ಲದೆ ಮಂಡಿ ಕೆಲವೇ ಗಂಟೆಗಳಲ್ಲಿ ಬಿಗಿದು ಊದಿದರೆ ಕೀಲಿನೊಳಗೆ ರಕ್ತ ತುಂಬಿರಬಹುದು. ತೊಡೆಸಂದಿಯಲ್ಲೋ ಸೊಂಟದಲ್ಲೋ ಇದ್ದಕ್ಕಿದ್ದಂತೆ ನೋವೆದ್ದು ಕಾಲು ಸೋತರೆ, ಮಲ ಕಪ್ಪಗೆ ಅಂಟಂಟಾದರೆ, ಮೂತ್ರ ಕೆಂಪಾದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದನ್ನು ತೀರ್ಮಾನಿಸುವುದು ವೈದ್ಯರ ಕೆಲಸ. ಬಿದ್ದು ತಲೆಗೆ ಪೆಟ್ಟಾದರೆ, ಎದ್ದು ಕುಳಿತು ಕಾಫಿ ಕುಡಿಯುವಷ್ಟು ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ವಾಲಿಸಬೇಡಿ. ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗವನ್ನು ಹತ್ತು ಹದಿನೈದು ನಿಮಿಷ ಬಿಗಿಯಾಗಿ ಹಿಡಿಯಿರಿ, ನಿಲ್ಲದಿದ್ದರೆ ಹೊರಡಿ. ಹೊರಡುವಾಗ ಕೈಗೆ ಸಿಗುವಂತೆ ಪರ್ಸಿನಲ್ಲಿ ಒಂದು ಚೀಟಿ ಇರಲಿ: ಮಾತ್ರೆಯ ಹೆಸರು, ಪ್ರಮಾಣ, ಯಾವ ಕಾರಣಕ್ಕೆ, ಕಳೆದ ಐಎನ್‌ಆರ್ ಎಷ್ಟು, ಮನೆಯವರ ಫೋನ್ ನಂಬರ್. ಹಲ್ಲಿನ ವೈದ್ಯರ ಬಳಿಗೂ, ಕಣ್ಣಿನ ವೈದ್ಯರ ಬಳಿಗೂ ಅದೇ ಚೀಟಿ ಸಾಕು.